ಪ್ರಫುಲ್ಲ ಮಾರದೇ ಇಟ್ಟುಕೊಂಡ ಷೇರು

ಕೊಪ್ಪದಲ್ಲಿ ವರ್ಷದ ಮೊದಲ ಸಿಡಿಲುಮಳೆ ಬಂದು ಹೋದ ಮಾರನೇ ದಿನ ಬೇರೆ ಅಂಗಡಿಗಳು ಎಷ್ಟು ಹೊತ್ತಿಗಾದರೂ ತೆರೆಯಲಿ, ಪ್ರಫುಲ್ಲಳ ಅಂಗಡಿಯ ಮುಂದೆ ಏಳೂವರೆಗೇ ಜನ ನಿಂತಿರುತ್ತಾರೆ. ಒಬ್ಬರ ಕಂಕುಳಲ್ಲಿ ಟಿ.ವಿ. ಬಾಕ್ಸು, ಇನ್ನೊಬ್ಬರ ಚೀಲದಲ್ಲಿ ಇಂಟರ್ನೆಟ್ಟಿನ ಡಬ್ಬಿ. ಮತ್ತೊಬ್ಬರು ಪಂಪಿನ ಸ್ಟಾರ್ಟರನ್ನೇ ಗೋಡೆಯಿಂದ ಕಿತ್ತು ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದಿರುತ್ತಾರೆ. ಎಲ್ಲರದೂ ಒಂದೇ ಮಾತು: "ಪ್ಲಗ್ ತೆಗೆಯೋಣ ಅಂತ ಎದ್ದಿದ್ದೆ, ಅಷ್ಟರಲ್ಲಿ ಹೊಡೀತು." ಏಪ್ರಿಲ್ಲಿನಿಂದ ಜೂನಿನವರೆಗೆ ನಮ್ಮ ಕಡೆಯ ಜನ ಏಳುವುದೇ ಹೆಚ್ಚು, ಪ್ಲಗ್ ತೆಗೆಯುವುದು ಕಡಿಮೆ.

ಅವಳ ಅಂಗಡಿಗೆ ಅಂಟಿಕೊಂಡೇ ನನ್ನದು. ಕೊಡೆ, ಟಾರ್ಪಾಲು, ಗಂಬೂಟು ಮಾರುತ್ತೇನೆ. ಹೆಸರು ಜಯದೇವಪ್ಪ, ಓದಿದ್ದು ಬಿ.ಕಾಂ., ಸ್ವಭಾವ ಅವಸರದ್ದು. ನಮ್ಮಿಬ್ಬರ ಅಂಗಡಿಗಳ ನಡುವೆ ಇರುವುದು ಬರೀ ಹಲಗೆಯ ಗೋಡೆ. ಅವಳು ಯಾರನ್ನು ಬೈದರೂ ನನಗೆ ಕೇಳುತ್ತದೆ, ನಾನು ಯಾರಿಗೆ ಸುಳ್ಳು ಹೇಳಿದರೂ ಅವಳಿಗೆ ಕೇಳುತ್ತದೆ. ಇಪ್ಪತ್ತು ವರ್ಷ ಹೀಗೆ ಕಳೆದ ಮೇಲೆ ಅವಳ ಬಗ್ಗೆ ನಾಲ್ಕು ಮಾತು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ. ಇಲ್ಲ ಅಂತ ಅವಳು ಹೇಳುತ್ತಾಳೆ. ಹೇಳಲಿ.

ಪ್ರಫುಲ್ಲ ಕಮ್ಮರಡಿಯ ಕಡೆಯವಳು, ಈಗ ಐವತ್ತರ ಹತ್ತಿರ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಓದುವಾಗ ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿ. ಮದುವೆಯಾಗಿ ಕೊಪ್ಪಕ್ಕೆ ಬಂದಾಗ ಗಂಡ ಯೋಗೇಂದ್ರ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ, ಈಗಲೂ ಅಲ್ಲೇ ಇದ್ದಾನೆ. "ಕಲಿತಿದ್ದು ಮರೆತು ಹೋಗ್ತದೆ, ಇದೊಂದು ನೋಡು" ಎಂದು ಸುಟ್ಟ ಮೋಟರೊಂದನ್ನು ಎಲ್ಲಿಂದಲೋ ಹೊತ್ತು ತಂದವನು ಅವನೇ. ಅವಳು ಅದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ಮೂರನೇ ದಿನ ಓಡಿಸಿದಳು. ಆಮೇಲೆ ಅಡುಗೆಮನೆಯಲ್ಲಿ ಅಡುಗೆಗೆ ಜಾಗ ಸಾಲದಾಯಿತು, ಅಂಗಡಿ ಹಿಡಿದರು.

ತಂತಿ ಸುತ್ತುವಾಗ ಸುತ್ತು ಎಣಿಸಬೇಕು. ಎಣಿಕೆ ತಪ್ಪಿದರೆ ಮೋಟರು ಬಿಸಿಯಾಗಿ ಮತ್ತೆ ಸುಡುತ್ತದೆ. ಹಾಗಾಗಿ ಅವಳು ಎಣಿಸುತ್ತಿರುವಾಗ ಯಾರೂ ಮಾತಾಡಿಸುವಂತಿಲ್ಲ. ಒಮ್ಮೆ ದೊಡ್ಡ ಸಾಹೇಬರೊಬ್ಬರು ಬಂದು "ಏನಮ್ಮಾ" ಎಂದರು. ಅವಳು ಎಡಗೈ ಎತ್ತಿ, "ನೂರ ಹನ್ನೆರಡು, ನೂರ ಹದಿಮೂರು" ಎನ್ನುತ್ತಾ ಮುಂದುವರಿಸಿದಳು. ಇನ್ನೂರು ಮುಗಿಯುವ ತನಕ ಸಾಹೇಬರು ನನ್ನ ಅಂಗಡಿಯಲ್ಲಿ ಕೊಡೆ ಬಿಚ್ಚಿ ಮಡಿಸಿ ನೋಡುತ್ತಾ ನಿಂತಿದ್ದರು. ಒಂದು ಕೊಡೆ ಕೊಂಡರು ಕೂಡ. ಅವಳ ನೆರೆಹೊರೆಯಿಂದ ನನಗೆ ಇಂಥ ಲಾಭಗಳೂ ಇವೆ.

ಅವಳಿಗೆ ಮೋಟರಿನ ಜೊತೆಗೆ ಬೋರ್ಡುಗಳ ಕೆಲಸವೂ ಗೊತ್ತು. ಸಿಡಿಲಿನ ಕಾಲದಲ್ಲಿ ಅದೇ ಹೆಚ್ಚು. ಯಾವ ಕಂಪನಿಯ ಬೋರ್ಡು ಎಷ್ಟು ಸುಟ್ಟು ಬಂತು ಎನ್ನುವುದನ್ನು ಅವಳು ನಮ್ಮ ಹಲಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಇಡುತ್ತಿದ್ದಳು. ಮೇಲೆ ಕಂಪನಿಯ ಹೆಸರು, ಕೆಳಗೆ ಗೀಟು. ಕೆಲವು ಕಂಪನಿಗಳ ಗೀಟು ನೆಲದವರೆಗೆ ಇಳಿದಿದ್ದವು. ಒಂದು ಹೆಸರಿನ ಕೆಳಗೆ ಮಾತ್ರ ಗೋಡೆ ಖಾಲಿ. ಅದು 'ಇಂದುಕಿರಣ ಮೈಕ್ರೋಸಿಸ್ಟಮ್ಸ್'. ಮೊಬೈಲಿನಿಂದ ಕರೆ ಮಾಡಿದರೆ ಪಂಪನ್ನು ಶುರು ಮಾಡುವ ಸ್ಟಾರ್ಟರು ಅವರದ್ದು. ಕರೆಂಟಿನ ಮೀಟರಿಗೆ ಹಾಕುವ ಚಿಪ್ಪನ್ನೂ ಮಾಡುತ್ತಾರೆ. ನಮ್ಮ ಮೂರು ತಾಲ್ಲೂಕಿನಲ್ಲಿ ಆ ಸ್ಟಾರ್ಟರು ನೂರಾರು ಮನೆಗಳಲ್ಲಿತ್ತು, ಅವಳ ಬೆಂಚಿಗೆ ಒಂದೂ ಬಂದಿರಲಿಲ್ಲ.

2018ರಲ್ಲಿ ಒಂದು ದಿನ ಗೋಡೆಯ ಆಚೆಯಿಂದ ಕೂಗಿದಳು. "ಜಯಣ್ಣ, ಹೆಸರಿನ ಕೊನೇಲಿ ಲಿಮಿಟೆಡ್ ಅಂತ ಇದ್ರೆ ಷೇರು ಸಿಗ್ತದಾ?"

ಮೊಬೈಲಿನಲ್ಲಿ ಹುಡುಕಿದೆ. ಸಿಗುತ್ತಿತ್ತು, ಎಂಬತ್ತನಾಲ್ಕು ರೂಪಾಯಿಗೆ ಒಂದು. "ಎಂತಕ್ಕೆ ನಿಂಗೆ?" ಎಂದೆ.

"ಸುಟ್ಟು ನನ್ನ ಹತ್ರ ಬರೋ ಕಂಪನಿಯಿಂದ ನಂಗೆ ಮಜೂರಿ ಸಿಗ್ತದೆ. ಬರದೇ ಇರೋ ಕಂಪನಿಯಿಂದಲೂ ಎಂತಾದ್ರೂ ಸಿಗಬೇಕಲ್ಲ ಮಾರಾಯ್ರೆ."

ಹೀಗೆ ಶುರುವಾಯಿತು. ತಿಂಗಳಿಗೆ ಎರಡು ಮೋಟರು ಸುತ್ತಿದ ಮಜೂರಿ ಇಂದುಕಿರಣಕ್ಕೆ. ಏರಲಿ, ಇಳಿಯಲಿ, ತಿಂಗಳ ಮೊದಲ ಸೋಮವಾರ ಕೊಳ್ಳುವುದು, ಆಮೇಲೆ ರೇಟು ನೋಡದೆ ಮೋಟರು ಸುತ್ತುವುದು. ಎಷ್ಟು ವರ್ಷ ಇಡುತ್ತೀಯ ಎಂದು ಕೇಳಿದರೆ, "ಗೋಡೆ ಖಾಲಿ ಇರೋ ತನಕ" ಎನ್ನುತ್ತಿದ್ದಳು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ, ಬೇರೆ ಯಾರಾದರೂ ಹೇಳುವ ಮೊದಲು. ಅವಳನ್ನು ನೋಡಿ ನಾನೂ 2019ರಲ್ಲಿ ತೊಂಬತ್ತೆರಡರ ಹಾಗೆ ಐವತ್ತು ಷೇರು ಕೊಂಡೆ. ಮರುವರ್ಷ ಮಾರ್ಚಿನಲ್ಲಿ ಊರೆಲ್ಲ ಬಾಗಿಲು ಹಾಕಿತು. ರೇಟು ಮೂವತ್ತೆಂಟಕ್ಕೆ ಬಂತು. ಮನೆಯಲ್ಲಿ ಕೂತು ದಿನಕ್ಕೆ ನೂರು ಸಲ ಮೊಬೈಲು ನೋಡಿ ನೋಡಿ, ತಲೆ ಕೆಟ್ಟು, ಒಂದು ಬೆಳಿಗ್ಗೆ ಅಷ್ಟನ್ನೂ ಮಾರಿದೆ. ಅದೇ ವಾರ ಪ್ರಫುಲ್ಲ ಇಪ್ಪತ್ತು ಷೇರು ಹೆಚ್ಚು ಕೊಂಡಿದ್ದಳು. ಮುಂದಿನ ವರ್ಷ ಅದು ನಾನೂರು ಮುಟ್ಟಿತು. ನನ್ನ ಹೆಂಡತಿ ಸುಮಿತ್ರ ಈಗಲೂ ನನಗೆ ಎರಡನೇ ಸಲ ಅನ್ನ ಬಡಿಸುವಾಗ ಆ ವಿಷಯ ಎತ್ತುತ್ತಾಳೆ.

ಆ ನಾನೂರರ ಕಾಲದಲ್ಲೇ ಹಿರೇಕೊಡಿಗೆಯ ತುಂಗಮ್ಮ ಈ ಕಥೆಯೊಳಗೆ ಬಂದರು. ಪ್ರಫುಲ್ಲಳ ಹಳೇ ಗಿರಾಕಿ. ಗದ್ದೆ, ತೋಟ ಇರುವ ಮನೆ, ಮಗ ಸೊಸೆ ಜೊತೆಗೇ ಇದ್ದಾರೆ. ಆಗ ಅವರಿಗೆ ಎಪ್ಪತ್ತೆರಡು. ಆ ಮನೆಯಲ್ಲಿ ಅಂಗಳದ ಸುತ್ತಲಿನ ಮರಗಳಿಗೆ ಹಬ್ಬಿದ ಕಾಳುಮೆಣಸು ಅತ್ತೆಯ ಪಾಲು. ಅದನ್ನು ಕೊಯ್ಯಿಸಿ, ಒಣಗಿಸಿ, ಮಾರಿದ ದುಡ್ಡನ್ನು ಏನು ಮಾಡಿದಿರಿ ಎಂದು ಯಾರೂ ಕೇಳುವಂತಿಲ್ಲ. 2022ರ ಫೆಬ್ರವರಿಯಲ್ಲಿ ಮಿಕ್ಸಿ ರಿಪೇರಿಗೆ ತಂದವರು ನಾವಿಬ್ಬರು ಷೇರಿನ ಬಗ್ಗೆ ಕಿತ್ತಾಡುವುದನ್ನು ಕೇಳಿಸಿಕೊಂಡರು.

"ಅದೆಂತ ಕಂಪನಿನೇ ಅದು?" ಎಂದರು.

ಪ್ರಫುಲ್ಲ ಉತ್ಸಾಹದಿಂದ ಗೋಡೆ ತೋರಿಸಿದಳು. ನಾಲ್ಕೈದು ಗಿರಾಕಿಗಳೂ ಇದ್ದರು. ಇವರೆಲ್ಲ ಸುಟ್ಟವರು, ಇದು ಸುಡದ್ದು, ಎಂದು ಒಂದೊಂದೇ ಹೆಸರು ಓದಿ ಹೇಳಿದಳು. ತುಂಗಮ್ಮ ಎಲ್ಲ ಕೇಳಿ, ಮಿಕ್ಸಿ ಕೊಟ್ಟು ಹೋದರು. ವಾರ ಬಿಟ್ಟು ಮಿಕ್ಸಿ ಒಯ್ಯಲು ಬಂದಾಗ, "ನಂಗೂ ಅದನ್ನ ಕೊಡ್ಸೆ. ಮೆಣಸಿನ ದುಡ್ಡು ಒಂದು ಲಕ್ಷ ಇಟ್ಟಿದೀನಿ" ಎಂದರು.

ಪ್ರಫುಲ್ಲ ಗಾಬರಿಯಾದಳು. "ಬೇಡ ತುಂಗಮ್ಮ. ಇದು ಇಳಿದ್ರೆ ನಾನು ಜವಾಬ್ದಾರಿ ತಗೊಳ್ಳಕ್ಕಾಗಲ್ಲ."

"ನಿನ್ನ ಜವಾಬ್ದಾರಿ ಕೇಳಿದ್ಯಾರು? ನಾನು ಕೇಳಿದ್ದು ಷೇರು."

ಇವಳು ಕೊಡಿಸಲಿಲ್ಲ. ಆದರೆ ಸೊಸೆ ಕಾವ್ಯ ಮೊಬೈಲಿನಲ್ಲಿ ಖಾತೆ ತೆರೆದು, ಮುನ್ನೂರ ತೊಂಬತ್ತರ ಹಾಗೆ ಇನ್ನೂರೈವತ್ತು ಷೇರು ಅತ್ತೆಗೆ ಕೊಡಿಸಿದಳು. ಸರಿಯಾಗಿ ಅಲ್ಲಿಂದಲೇ ರೇಟು ಇಳಿಯತೊಡಗಿತು. ಮರುವರ್ಷ ನೂರ ಅರವತ್ತು. ತುಂಗಮ್ಮ ಒಂದು ದಿನವೂ ದೂರಲಿಲ್ಲ. ಅಂಗಡಿಗೆ ಬಂದಾಗ, "ಹೆಂಗಿದೆಯೇ ನಮ್ಮ ಕಂಪನಿ?" ಎಂದು ಕೇಳುವರು, ಇವಳು "ಗೋಡೆ ಖಾಲಿ ಇದೆ ತುಂಗಮ್ಮ" ಎನ್ನುವಳು, ಅವರು ನಕ್ಕು ಹೋಗುವರು. ಅವರು ಹೋದ ಮೇಲೆ ಇವಳ ಮುಖ ನೋಡಬೇಕು. ಸ್ವಂತ ಷೇರು ಅರ್ಧಕ್ಕರ್ಧ ಇಳಿದಾಗ ಇವಳು ಹುಬ್ಬೂ ಗಂಟಿಕ್ಕಿರಲಿಲ್ಲ. "ನನ್ನದು ಹೋದ್ರೆ ನಾನು ಇನ್ನೊಂದಿಷ್ಟು ಮೋಟರ್ ಸುತ್ತುತೀನಿ ಜಯಣ್ಣ. ಅವರು ಎಂತ ಸುತ್ತೋದು?" ಎಂದಿದ್ದಳು.

ನಡುವೆ ರೇಟು ಮತ್ತೆ ಮುನ್ನೂರರ ಗಡಿ ದಾಟಿತು. ಉಸಿರು ಬಿಟ್ಟೆವು. ಕಳೆದ ವರ್ಷ, ಅಂದರೆ 2025ರ ಏಪ್ರಿಲ್ಲಿನಲ್ಲಿ, ಮೀಟರುಗಳ ದೊಡ್ಡ ಸರ್ಕಾರಿ ಆರ್ಡರು ಮುಂದಕ್ಕೆ ಹೋಯಿತು ಎಂಬ ಸುದ್ದಿ ಬಂದು, ಆರು ವಾರದಲ್ಲಿ ನೂರ ಎಂಬತ್ತೈದಕ್ಕೆ ಕುಸಿಯಿತು. ನಾನು ದಿನಾ ಬೆಳಿಗ್ಗೆ ಗೋಡೆ ಬಡಿದು ರೇಟು ಕೂಗುತ್ತಿದ್ದೆ. ಅದು ನನ್ನ ಷೇರಲ್ಲ ನಿಜ, ಆದರೆ ಕೂಗದೇ ಇರಲು ಆಗುತ್ತಿರಲಿಲ್ಲ. "ಮಾರಿಬಿಡೇ ಮಾರಾಯ್ತಿ, ಇದು ನೂರರ ಕೆಳಗೆ ಹೋಗ್ತದೆ!" ಅವಳು ಆಚೆಯಿಂದ ಹಲಗೆಯ ಖಾಲಿ ಜಾಗವನ್ನು ಬೆರಳಿನಿಂದ ಟಕಟಕ ಎನಿಸುವಳು. ಅದೇ ಉತ್ತರ.

ಮೇ ತಿಂಗಳಲ್ಲಿ ಅಡ್ಡಗದ್ದೆಯ ಒಬ್ಬರು ಹೊಸ ಇಂದುಕಿರಣ ಸ್ಟಾರ್ಟರನ್ನು ಇವಳೇ ತಂದು ಕೂರಿಸಿಕೊಡಬೇಕು ಎಂದು ಹಟ ಹಿಡಿದರು. ಯಾವಾಗಲೂ ಸ್ಟಾರ್ಟರನ್ನು ಗಿರಾಕಿಗಳೇ ಕೊಂಡು ತರುವುದು ವಾಡಿಕೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರಕ್ಕೂ ಸೇರಿ ಡೀಲರ್ ಇದ್ದದ್ದು ಎನ್.ಆರ್.ಪುರದಲ್ಲಿ. ಇವಳು ಆ ಅಂಗಡಿಯನ್ನು ನೋಡಿಯೇ ಇರಲಿಲ್ಲ. ನನಗೂ ಅಲ್ಲಿ ಒಂದು ಗೃಹಪ್ರವೇಶದ ಊಟವಿತ್ತು. ಒಟ್ಟಿಗೇ ಬಸ್ಸು ಹತ್ತಿದೆವು.

ಡೀಲರ್ ಸೋಮನಾಥ್ ನಗುಮುಖದ ಮನುಷ್ಯ. ಸ್ಟಾರ್ಟರು ತೆಗೆದುಕೊಡಲು ಹಿಂದಿನ ಕೋಣೆಗೆ ಹೋದ. ಬಾಗಿಲು ತೆರೆದಿತ್ತು. ಗೋಡೆಗೆ ಒರಗಿಸಿ ನಾಲ್ಕು ಗೊಬ್ಬರದ ಚೀಲ ನಿಲ್ಲಿಸಿದ್ದರು. ಬಾಯಿ ಕಟ್ಟಿರದ ಒಂದು ಚೀಲದಿಂದ ಹಸಿರು ಬೋರ್ಡುಗಳು ಹೊರಗೆ ಇಣುಕುತ್ತಿದ್ದವು. ಪ್ರಫುಲ್ಲ ಎದ್ದು ಹೋಗಿ ಒಂದನ್ನು ಎತ್ತಿ ನೋಡಿದಳು. ಅರ್ಧ ಕರಿ ಹಿಡಿದಿತ್ತು. ಮೇಲೆ ಇಂದುಕಿರಣದ ಗುರುತು.

"ಇದೆಂತ ಇದು?" ಎಂದಳು.

"ಸಿಡಿಲಿಗೆ ಹೋಗಿದ್ದು ಅಕ್ಕ. ಈ ವರ್ಷ ಸ್ವಲ್ಪ ಕಮ್ಮಿನೇ."

"ಇಂದುಕಿರಣ ಸುಡ್ತದಾ?"

ಸೋಮನಾಥ್ ನಕ್ಕ. "ಸಿಡಿಲು ಹೊಡೆದ್ರೆ ಎಂತ ಉಳೀತದೆ ಅಕ್ಕ? ನಮ್ಮದು ಹತ್ತು ವರ್ಷ ಬದಲಿ ಗ್ಯಾರಂಟಿ. ಫೋನ್ ಬಂದ ಕೂಡ್ಲೆ ನಾನೇ ಜೀಪಲ್ಲಿ ಹೋಗಿ, ಹೊಸದು ಹಾಕಿ, ಹಳೇದು ತರ್ತೀನಿ. ಇವನ್ನೆಲ್ಲ ವಾಪಸ್ ಕಂಪನಿಗೆ ಕಳಿಸಬೇಕು, ಒಂದೂ ಬಿಡದ ಹಾಗೆ. ಎಂತಕ್ಕೋ ದೇವರಿಗೇ ಗೊತ್ತು."

ನನಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಏಳು ವರ್ಷ ಗೋಡೆ ಖಾಲಿ ಇದ್ದದ್ದು ಬೋರ್ಡು ಸುಡುವುದಿಲ್ಲ ಎಂದಲ್ಲ. ಸುಟ್ಟದ್ದೆಲ್ಲ ಈ ಕೋಣೆಗೆ ಬರುತ್ತಿತ್ತು. ಹಾಳಾದ ಪ್ರತಿಯೊಂದು ವಸ್ತುವೂ ತನ್ನ ಬೆಂಚಿಗೇ ಬರುತ್ತದೆ ಎಂದು ನಂಬಿದ್ದಳು, ಮೂರು ತಾಲ್ಲೂಕಿನಲ್ಲಿ ಅಷ್ಟು ಹೆಸರಿರುವ ಕೆಲಸಗಾರ್ತಿಗೆ ಮಾತ್ರ ಆಗಬಹುದಾದ ತಪ್ಪು ಅದು.

ಅವಳು ಒಂದು ಚೀಲ ಕೊಡುತ್ತೀರಾ ಎಂದು ಕೇಳಿದಳು. ಶುಕ್ರವಾರದೊಳಗೆ ಲೆಕ್ಕ ತಪ್ಪದೆ ವಾಪಸ್ ಕೊಡಬೇಕು ಎನ್ನುವ ಮಾತಿನ ಮೇಲೆ ಸೋಮನಾಥ್ ಕೊಟ್ಟ. ಬಸ್ಸಿನಲ್ಲಿ ಕಂಡಕ್ಟರು ಆ ಚೀಲಕ್ಕೆ ಲಗೇಜು ಟಿಕೆಟ್ ಹರಿದ. ಎಣಿಸುವ ಕೆಲಸವಿಲ್ಲದೆ ಅವಳು ಸುಮ್ಮನೆ ಕೂತದ್ದನ್ನು ನಾನು ಆವತ್ತೇ ನೋಡಿದ್ದು.

"ನಾಳೆ ಒಂಬತ್ತೂಕಾಲಿಗೆ ಮಾರುಕಟ್ಟೆ ತೆರೀತದೆ. ಮಾರಿ ಕೈ ತೊಳ್ಕೊ" ಎಂದೆ.

"ತುಂಗಮ್ಮಂಗೆ ಎಂತ ಹೇಳಲಿ?" ಎಂದಳು. "ಅವರ ಮೆಣಸಿನ ದುಡ್ಡು ನನ್ನ ಗೋಡೆ ನೋಡಿ ಹೋಗಿದ್ದು ಜಯಣ್ಣ. ಆ ಗೋಡೆನೇ ಸುಳ್ಳು."

ಅವಳ ಕಣ್ಣು ತುಂಬಿತ್ತು. ನಾನು ಕಿಟಕಿ ಕಡೆ ತಿರುಗಿ ಕೂತೆ. ಯಾರಾದರೂ ಅತ್ತರೆ ನನಗೆ ಏನು ಮಾಡಬೇಕೆಂದು ತೋಚುವುದಿಲ್ಲ.

ಮರುದಿನದಿಂದ ಮೂರು ದಿನ ಅವಳು ಗಿರಾಕಿಗಳನ್ನು ವಾಪಸು ಕಳಿಸಿದಳು. ನನ್ನ ಅಂಗಡಿಯಿಂದ ಒಂದು ಹೊಸ ಟಾರ್ಪಾಲು ಕೇಳದೆಯೇ ಒಯ್ದು ನೆಲಕ್ಕೆ ಹಾಸಿ, ಚೀಲ ಸುರುವಿದಳು. ಅರವತ್ತೊಂದು ಬೋರ್ಡು. ಪ್ರತಿಯೊಂದರ ಹಿಂದೆಯೂ ತಯಾರಾದ ವರ್ಷ ಅಚ್ಚಾಗಿತ್ತು. ವರ್ಷದ ಪ್ರಕಾರ ಸಾಲು ಮಾಡಿ, ಒಂದೊಂದೇ ಬಿಚ್ಚಿ, ಭೂತಗನ್ನಡಿ ಹಿಡಿದು ನೋಡತೊಡಗಿದಳು. ಸುಡದ ಕಂಪನಿ ಎಂದು ಏಳು ವರ್ಷ ಪೂಜೆ ಮಾಡಿದವಳು ಈಗ ಹೆಣ ಕೊಯ್ಯಲು ಕೂತಿದ್ದಾಳೆ ಎಂದು ನಾನು ಯೋಗೇಂದ್ರನಿಗೆ ಹೇಳಿದೆ. "ಊಟಕ್ಕೆ ಕರೆದ್ರೂ ಏಳ್ತಿಲ್ಲ ಜಯಣ್ಣ" ಎಂದು ಅವನು ಟಿಫಿನ್ ಕ್ಯಾರಿಯರು ಇಟ್ಟುಹೋದ.

ಮೂರನೇ ದಿನ ಸಂಜೆ ಗೋಡೆ ಬಡಿದಳು. ಹೋದೆ.

"ನೋಡಿ. ಇದು ಹಳೇದು. ಇಡೀ ಬೋರ್ಡ್ ಹೋಗಿದೆ. ಇದು ಎರಡು ವರ್ಷ ಆಮೇಲಿಂದು, ಅರ್ಧ ಉಳಿದಿದೆ. ಇಲ್ಲಿ ನೋಡಿ, ದಾರಿ ಬದಲಾಯಿಸಿದಾರೆ." ಬೆರಳು ಸಾಲಿನ ಕೊನೆಗೆ ಹೋಯಿತು. "ಇವು ಹೊಸವು. ಸಿಡಿಲು ತಡೆಯೋ ಈ ನೀಲಿ ಬಿಲ್ಲೆ ಒಂದು ಒಡೆದಿದೆ, ಅಷ್ಟೇ. ಉಳಿದಿದ್ದೆಲ್ಲ ಜೀವಂತ. ಹತ್ತು ರೂಪಾಯಿ ಬಿಲ್ಲೆ ಹಾಕಿದ್ರೆ ಓಡ್ತದೆ."

"ಅಂದ್ರೆ?"

"ಸುಟ್ಟಿದ್ದನ್ನೆಲ್ಲ ವಾಪಸ್ ಕೇಳ್ತಾರಲ್ಲ, ಅದು ಸುಮ್ನೆ ಅಲ್ಲ. ಅವರೂ ಅಲ್ಲಿ ಕೂತು ನನ್ನ ಹಾಗೇ ಬಿಚ್ಚಿ ನೋಡ್ತಾರೆ ಮಾರಾಯ್ರೆ! ಪ್ರತಿ ವರ್ಷ ಕಲ್ತಿದಾರೆ."

ಅವಳ ಮುಖಕ್ಕೆ ಬಣ್ಣ ಬಂದಿತ್ತು. ಎಲ್ಲಿಯೋ ಕಾಣದ ಊರಿನಲ್ಲಿ ತನ್ನದೇ ಕೆಲಸ ಮಾಡುವ ನೆಂಟರು ಸಿಕ್ಕಿದ ಹಾಗೆ ಆಗಿತ್ತು ಅವಳಿಗೆ.

ಆಮೇಲೆ ನನ್ನನ್ನು ಕೂರಿಸಿ ಕಂಪನಿಯ ವಾರ್ಷಿಕ ವರದಿ ಓದಿಸಿದಳು. ಬಿ.ಕಾಂ. ಮುಗಿಸಿ ಮೂವತ್ತು ವರ್ಷವಾದ ಮೇಲೆ ಅದು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ನೂರ ನಲವತ್ತನೇ ಪುಟದ ಹತ್ತಿರ, ಬದಲಿ ಕೊಡುವುದಕ್ಕೆ ಆಗುವ ಖರ್ಚು ಎಷ್ಟು ಎನ್ನುವುದು ಒಂದೇ ಸಾಲಿನಲ್ಲಿತ್ತು. ನಾಲ್ಕು ವರ್ಷದಿಂದ ಇಳಿಯುತ್ತಾ ಬಂದಿತ್ತು. ಮಾರಾಟ ಹೆಚ್ಚಾಗಿತ್ತು, ಖರ್ಚು ಇಳಿದಿತ್ತು.

"ಹಂಗಾದ್ರೆ ಏರ್ತದೆ ಅನ್ನು!" ಎಂದೆ.

"ಅದು ನಂಗೊತ್ತಿಲ್ಲ. ಸರ್ಕಾರ ಆರ್ಡರ್ ಕೊಡ್ತದಾ ಇಲ್ವಾ ಅನ್ನೋದು ಬೋರ್ಡ್ ಬಿಚ್ಚಿದ್ರೆ ಕಾಣಲ್ಲ. ಇನ್ನೊಬ್ಬ ಯಾರಾದ್ರೂ ಇದಕ್ಕಿಂತ ಒಳ್ಳೇದು ಮಾಡಿದ್ರೆ ಅದೂ ಕಾಣಲ್ಲ. ನನ್ನದನ್ನ ನಾನು ಮಾರಲ್ಲ. ಆದ್ರೆ ತುಂಗಮ್ಮಂಗೆ ಹೇಳಿದ ಕಾರಣ ಸುಳ್ಳಾಯ್ತಲ್ಲ. ಅದನ್ನ ಹೇಳ್ಬೇಕು. ಆಮೇಲೆ ಅವರು ಮಾರ್ತಾರೋ ಇಡ್ತಾರೋ ಅವರಿಷ್ಟ."

"ಫೋನ್ ಮಾಡಿ ಹೇಳು."

"ಹೋಗಿ ಹೇಳಬೇಕು. ನೀವೂ ಬನ್ನಿ. ಅವರು ಬೈದ್ರೆ ಹಂಚಿಕೊಳ್ಳೋಣ."

ಶುಕ್ರವಾರ ಚೀಲ ವಾಪಸು ಕೊಟ್ಟು, ಭಾನುವಾರ ಹಿರೇಕೊಡಿಗೆಗೆ ಹೋದೆವು. ತುಂಗಮ್ಮ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿದ್ದರು. ಕೈಯಲ್ಲಿ ಕಾಗೆ ಓಡಿಸುವ ಕೋಲು. ನಮ್ಮನ್ನು ನೋಡಿ ಕೋಲನ್ನು ನನ್ನ ಕೈಗೆ ಕೊಟ್ಟರು. "ನೀನು ಕಾಗೆ ನೋಡ್ಕೊ ಜಯಣ್ಣ, ನಾನು ಇವಳ ಜೊತೆ ಮಾತಾಡ್ತೀನಿ. ಎಂತದೇ, ಮುಖ ಹಂಗೆ ಮಾಡಿದೀಯ? ಮನೇಲಿ ಎಲ್ಲ ಸೌಖ್ಯನಾ?"

"ತುಂಗಮ್ಮ, ನಾನೊಂದು ತಪ್ಪು ಮಾಡಿದೀನಿ."

"ನನ್ ಮಿಕ್ಸಿ ಸುಟ್ಟಾಕಿದ್ಯಾ?"

"ಮಿಕ್ಸಿ ಅಲ್ಲ."

ಜಗಲಿಯ ಮೇಲೆ ಕೂತು ಪ್ರಫುಲ್ಲ ಎಲ್ಲವನ್ನೂ ಹೇಳಿದಳು. ಗೋಡೆ, ಸೋಮನಾಥನ ಕೋಣೆ, ನಾಲ್ಕು ಚೀಲ. "ಇಂದುಕಿರಣ ಸುಡಲ್ಲ ಅಂತ ನಿಮಗೆ ತೋರಿಸಿದ್ನಲ್ಲ, ಸುಡ್ತದೆ ತುಂಗಮ್ಮ. ನಾನು ವಿಚಾರ ಮಾಡದೆ ಹೇಳಿಬಿಟ್ಟೆ. ನನ್ನ ಮಾತು ನಂಬಿ ನೀವು ದುಡ್ಡು ಹಾಕಿದ್ರಿ. ಅದೀಗ ಅರ್ಧಕ್ಕೆ ಬಂದಿದೆ."

ನಾನು ಕಾಗೆಯನ್ನು ಮರೆತು ನಿಂತಿದ್ದೆ.

"ಸುಡ್ತದೆ ಅಂತ ನಂಗೊತ್ತಿಲ್ವಾ ಮಾರಾಯ್ತಿ?" ಎಂದರು ತುಂಗಮ್ಮ. "ನಮ್ಮನೇದೇ ಎರಡು ಸಲ ಸುಟ್ಟಿದೆ!"

ಪ್ರಫುಲ್ಲ ಜಗಲಿಯಿಂದ ಎದ್ದೇಬಿಟ್ಟಳು. "ಎರಡು ಸಲ? ಯಾವಾಗ?"

"ನಿನ್ನ ಗೋಡೆ ನೋಡೋಕ್ಕೂ ಮೊದಲು ಒಂದ್ಸಲ. ಆಮೇಲೆ ಒಂದ್ಸಲ."

"ಮತ್ತೆ ಅವತ್ತು ಎಂತಕ್ಕೆ ಹೇಳಲಿಲ್ಲ?"

"ನೀನು ಅಷ್ಟು ಖುಷಿಲಿ ಹೇಳ್ತಿದ್ದೆ. ಅಂಗಡಿಲಿ ನಾಕು ಜನ ಗಿರಾಕಿ ನಿಂತಿದ್ರು. ಅವರ ಎದುರಿಗೆ ನಿನ್ನ ಮಾತು ತೆಗೀಲಾ ನಾನು? ಚೆನ್ನಾಗಿರ್ತದಾ ಅದು?"

ನಮ್ಮ ಕಡೆಯ ಮರ್ಯಾದೆ ಅಂದರೆ ಇದು. ಒಬ್ಬರ ಮಾತನ್ನು ನಾಲ್ಕು ಜನರ ಮುಂದೆ ತೆಗೆಯಬಾರದು ಎಂದು ಈ ಮುದುಕಿ ಮೂರು ವರ್ಷ ಬಾಯಿ ಮುಚ್ಚಿಕೊಂಡು, "ಗೋಡೆ ಖಾಲಿ ಇದೆ" ಎಂದಾಗಲೆಲ್ಲ ನಕ್ಕು ಹೋಗಿದ್ದರು. ನನಗೆ ಅವರ ಕಾಲು ಹಿಡಿಯೋಣ ಅನಿಸಿತು, ಒಂದು ಕ್ಷಣ ಸಿಟ್ಟೂ ಬಂತು.

"ಸುಡ್ತದೆ ಅಂತ ಗೊತ್ತಿದ್ದೂ ಒಂದು ಲಕ್ಷ ಹಾಕಿದ್ರಾ?" ಎಂದಳು ಪ್ರಫುಲ್ಲ.

"ಸುಟ್ಟಿದ್ದಕ್ಕೇ ಹಾಕಿದ್ದು. ಮೊದಲ್ನೇ ಸಲ ಸುಟ್ಟಾಗ ಜೂನ್ ತಿಂಗಳು, ಹಳ್ಳ ತುಂಬಿತ್ತು. ಆ ಸೋಮನಾಥ ಜೀಪನ್ನ ಆಚೆ ದಡದಲ್ಲಿ ಬಿಟ್ಟು, ಪ್ಯಾಂಟ್ ಮಡಿಸಿ, ಹಳ್ಳದ ಮೇಲಿನ ಮರದ ಸಂಕ ದಾಟಿ ನಡ್ಕೊಂಡು ಬಂದ. ಹೊಸದು ಹಾಕ್ದ, ಹಳೇದನ್ನ ಜ್ವಾಪಾನವಾಗಿ ಕಟ್ಕೊಂಡ. ಒಂದು ಪೈಸೆ ತಗೊಳ್ಳಲಿಲ್ಲ. ಕಾಫಿ ಕೂಡ ಅರ್ಧ ಲೋಟ ಸಾಕು ಅಂದ. ಈ ಮನೆಗೆ ನಾನು ಬಂದು ಐವತ್ತೈದು ವರ್ಷ ಆಯ್ತು. ಸಾಮಾನು ಮಾರಿದ ಮೇಲೆ ಮತ್ತೆ ನಮ್ಮ ಬಾಗಿಲಿಗೆ ಬಂದ ಕಂಪನಿ ಅದೊಂದೇ ಕಣೇ. ದುಡ್ಡು ಅವರ ಹತ್ರ ಇಡದೆ ಇನ್ಯಾರ ಹತ್ರ ಇಡಲಿ?"

ಪ್ರಫುಲ್ಲ ನಗತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಒಳಗಿನಿಂದ ಕಾವ್ಯ ಏನಾಯಿತೆಂದು ಓಡಿಬಂದಳು. "ಏಳು ವರ್ಷ ಗೋಡೆಗೆ ಗೀಟು ಹಾಕಿದೀನಿ," ಎಂದು ಪ್ರಫುಲ್ಲ ಸೆರಗಿನಲ್ಲಿ ಮುಖ ಒರೆಸಿಕೊಂಡಳು, "ಮೂರು ದಿನ ಊಟ ಬಿಟ್ಟು ಅರವತ್ತು ಬೋರ್ಡ್ ಬಿಚ್ಚಿದೀನಿ. ನಿಮ್ಮನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು!"

"ಕೇಳಲಿಲ್ಲ ನೀನು" ಎಂದರು ತುಂಗಮ್ಮ.

ಅಷ್ಟು ಹೊತ್ತಿಗೆ ಕಾಗೆ ಎರಡು ಹಪ್ಪಳ ಒಯ್ದಿತ್ತು. ಅದರ ಬೈಗುಳ ನನ್ನ ಪಾಲಿಗೆ ಬಂತು, ಯಾರೂ ಹಂಚಿಕೊಳ್ಳಲಿಲ್ಲ.

ಕಾಫಿ ಕುಡಿಯುವಾಗ ನನಗೆ ತಡೆಯಲಾಗಲಿಲ್ಲ. "ತುಂಗಮ್ಮ, ಇವಳು ಇನ್ನೂ ಹತ್ತು ವರ್ಷ ಇಡಬೇಕು ಅಂತಾಳೆ. ನಿಮಗೀಗ ಎಪ್ಪತ್ತೈದು. ಯಾರಿಗೆ ಅಂತ ಇಡ್ತೀರಿ?"

"ಯಾರಿಗೆ ಎಂತ, ನಂಗೇ ಮಾರಾಯ. ಎಂಬತ್ತೈದಕ್ಕೆ ಖರ್ಚಿರಲ್ವಾ ಮನುಷ್ಯಂಗೆ?"

ಕಾವ್ಯ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ತುಂಗಮ್ಮ ನಗಲಿಲ್ಲ, ಪ್ರಫುಲ್ಲಳ ಕಡೆ ತಿರುಗಿದರು. "ನೋಡೇ, ಏರ್ತದೆ ಅಂತ ನೀನು ಮಾತು ಕೊಡೋದು ಬೇಡ. ಅದು ನಿನ್ನ ಕೈಲಿಲ್ಲ. ಇನ್ನೊಂದು ಮಾತು ಕೊಡು. ಆ ಕಂಪನಿ ಮೇಲೆ ನಿಂಗೆ ನಂಬಿಕೆ ಹೋಗಿ, ನಿನ್ನದನ್ನ ಮಾರ್ತೀಯಲ್ಲ, ಅವತ್ತೇ ಬಂದು ನಂಗೆ ಹೇಳು. ಫೋನಲ್ಲಿ ಅಲ್ಲ. ಬಂದು."

"ಬರ್ತೀನಿ ತುಂಗಮ್ಮ. ಮಾರೋಕ್ಕೂ ಮೊದಲೇ ಬರ್ತೀನಿ" ಎಂದಳು ಪ್ರಫುಲ್ಲ.

ಅದಾದ ಮೇಲೆ ಷೇರು ನೂರ ಎಪ್ಪತ್ತಕ್ಕೆ ಇಳಿಯಿತು, ಮತ್ತೆ ಇನ್ನೂರ ನಲವತ್ತಕ್ಕೆ ಏರಿತು. ಸರ್ಕಾರದ ಆರ್ಡರು ಅರ್ಧ ಬಂದಿದೆ, ಇನ್ನರ್ಧ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತುಂಗಮ್ಮ ಕೊಟ್ಟ ಮುನ್ನೂರ ತೊಂಬತ್ತು ಇನ್ನೂ ದೂರವಿದೆ. ಪ್ರಫುಲ್ಲ ತಿಂಗಳ ಮೊದಲ ಸೋಮವಾರ ಕೊಳ್ಳುವುದನ್ನು ಬಿಟ್ಟಿಲ್ಲ. ಈಗ ಎರಡು ತಿಂಗಳಿಗೊಮ್ಮೆ ಸೋಮನಾಥನ ಕೋಣೆಗೆ ಹೋಗಿ ಚೀಲದಲ್ಲಿ ಕೈಹಾಕಿ ಬರುತ್ತಾಳೆ. ನಾನೂ ಮೂವತ್ತು ಷೇರು ಕೊಂಡಿದ್ದೇನೆ. ಸುಮಿತ್ರಳಿಗೆ ಹೇಳಿಲ್ಲ, ಇದನ್ನು ಓದಿ ಗೊತ್ತಾಗಲಿ.

ಹೋದ ತಿಂಗಳು ಹಿರೇಕೊಡಿಗೆಯಲ್ಲೇ ಇನ್ನೊಬ್ಬರ ಮನೆಯ ಪಂಪು ಕೆಟ್ಟಿತ್ತು. ಪ್ರಫುಲ್ಲ ಅದನ್ನು ನೋಡಲು ಹೋಗುವಾಗ, ಆ ಮನೆಯವರು ಕೇಳಿದ್ದ ಟಾರ್ಪಾಲು ಕೊಡಲೆಂದು ನಾನೂ ಜೊತೆಗೆ ಹೋದೆ. ಕೆಲಸ ಮುಗಿದ ಮೇಲೆ ಇಷ್ಟು ಹತ್ತಿರ ಬಂದಿದ್ದೇವಲ್ಲ ಎಂದು ತುಂಗಮ್ಮನ ಮನೆ ಕಡೆ ತಿರುಗಿದೆವು. ಬರುತ್ತೇವೆಂದು ಮೊದಲೇ ಹೇಳಿರಲಿಲ್ಲ. ಬೇಲಿಯ ದಣಪೆ ದಾಟಿ ಅಂಗಳಕ್ಕೆ ಇಳಿಯುವಾಗ ಜಗಲಿಯ ಮೇಲೆ ಹೂ ಕಟ್ಟುತ್ತಾ ಕೂತಿದ್ದ ಅವರು ತಲೆ ಎತ್ತಿದರು. ಪ್ರಫುಲ್ಲಳನ್ನು ಕಂಡದ್ದೇ ಕೈಯಲ್ಲಿದ್ದ ಹೂವನ್ನು ಹಾಗೇ ಬಿಟ್ಟು, ಕಂಬ ಹಿಡಿದು ಎದ್ದು ನಿಂತರು. ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ. ಆ ಮುಖ ನೋಡಿದಾಗಲೇ, ಇಷ್ಟು ದಿನ ನಗುತ್ತಾ ಮಾತಾಡಿದ ಆ ದುಡ್ಡು ಅವರಿಗೆ ಎಷ್ಟು ಬೇಕಾಗಿದೆ ಎನ್ನುವುದು ನನಗೆ ಗೊತ್ತಾದದ್ದು.

"ಮಾರಿದ್ಯಾ?" ಎಂದರು.

"ಇಲ್ಲ ತುಂಗಮ್ಮ" ಎಂದಳು ಪ್ರಫುಲ್ಲ, ಅಂಗಳದ ಮಧ್ಯದಲ್ಲೇ ನಿಂತು.

"ಮಾರ್ತೀಯಾ?"

"ಇಲ್ಲ."

"ಮತ್ತೆ ಎಂತಕ್ಕೆ ಬಂದೆ ಮಾರಾಯ್ತಿ, ನನ್ನ ಜೀವ ತಿನ್ನಕ್ಕೆ?"

"ಕಾಫಿ ಕುಡಿಯಕ್ಕೆ."

ತುಂಗಮ್ಮ ಕಂಬ ಬಿಟ್ಟು ಮೆಲ್ಲಗೆ ಕೂತರು. ಒಂದು ದೊಡ್ಡ ಉಸಿರು ಬಿಟ್ಟು, ಒಳಗೆ ತಿರುಗಿ ಕೂಗಿದರು. "ಕಾವ್ಯಾ, ಪ್ರಫುಲ್ಲ ಬಂದಿದಾಳೆ, ಸುಮ್ನೆ ಬಂದಿದಾಳೆ. ಹಾಲು ಜಾಸ್ತಿ ಹಾಕಿ ಕಾಫಿ ಮಾಡು."